ಕಣಜವನ್ನು ಕಾಯುವ ಕಣಜ

ಕನ್ನಡದಲ್ಲಿ 'ಕಣಜ' ಎಂಬ ಮಾತಿಗೆ ಎರಡು ಅರ್ಥಗಳುಂಟು. ಧಾನ್ಯವನ್ನು ತುಂಬಿಡುವ ಸ್ಥಳ ಒಂದು. ಸಣ್ಣ ನಡುವಿನ, ಕಚ್ಚಿದರೆ ಉರಿಯೆಬ್ಬಿಸುವ ಹಾರುಹುಳು ಮತ್ತೊಂದು. ಬಳ್ಳಾರಿ ಜಿಲ್ಲೆಯ ಸಿರುಗುಪ್ಪವನ್ನು ಜನರು 'ಭತ್ತದ ಕಣಜ'ವೆಂದು ಕರೆಯುವಾಗ ಅವರ ಮನಸ್ಸಿನಲ್ಲಿರುವುದು ಮೊದಲನೆಯ ಅರ್ಥವೇ ಸರಿ. ಆದರೆ ಆ ಭತ್ತದ ಕಣಜ ತುಂಬಬೇಕಾದರೆ ಎರಡನೆಯ ಅರ್ಥದ ಕಣಜವೂ ಗದ್ದೆಯಲ್ಲಿ ದುಡಿಯಬೇಕಾಗುತ್ತದೆ ಎಂಬ ಸಂಗತಿ ಹಲವರಿಗೆ ತಿಳಿಯದು. ನಾವು ಇಲ್ಲಿ ವಿಚಾರ ಮಾಡಬೇಕಾಗಿರುವ ಕಣಜ ಮನುಷ್ಯನನ್ನು ಕಚ್ಚುವುದಿಲ್ಲ. ಅವನ ಕಣ್ಣಿಗೆ ಬೀಳುವುದೇ ಅಪರೂಪ. ಅದರ ದೇಹದ ಉದ್ದ ಅರ್ಧ ಮಿಲಿಮೀಟರನ್ನು ಮೀರದು. ಇಷ್ಟು ಅಲ್ಪವಾದ ಜೀವಿ ಬೆಳೆಯನ್ನು ಕಾಯುವ ಬಗೆ ಯಾವುದು, ಅದರ ಶಕ್ತಿಯ ಮಿತಿ ಎಲ್ಲಿಯದು ಎಂಬುದನ್ನು ಕ್ರಮವಾಗಿ ನೋಡೋಣ.

ನೀರು ಬಂತು, ಹುಳುವೂ ಬಂತು

ಬಳ್ಳಾರಿಯ ಸೀಮೆ ಸ್ವಭಾವತಃ ಒಣಪ್ರದೇಶ. ವರ್ಷದ ಮಳೆ 500 ಮಿಲಿಮೀಟರಿನ ಆಸುಪಾಸು. ಎರೆಮಣ್ಣಿನ ಹೊಲಗಳಲ್ಲಿ ಜೋಳ, ನವಣೆ, ಹತ್ತಿಗಳೇ ಇಲ್ಲಿನ ಹಳೆಯ ಬೆಳೆಗಳು. 1953ರಲ್ಲಿ ಎರಡು ದೊಡ್ಡ ಬದಲಾವಣೆಗಳಾದುವು. ಜಿಲ್ಲೆಯ ಬಹುಭಾಗ ಮದರಾಸು ಪ್ರಾಂತ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಹೊಸಪೇಟೆಯ ಬಳಿ ಕಟ್ಟಿದ ತುಂಗಭದ್ರಾ ಜಲಾಶಯದಿಂದ ಕಾಲುವೆಗಳಿಗೆ ನೀರು ಹರಿಯತೊಡಗಿತು. ಕ್ರಮೇಣ ಕುರುಗೋಡು, ಸಿರುಗುಪ್ಪಗಳ ಸುತ್ತಿನ ಜೋಳದ ಹೊಲಗಳು ಭತ್ತದ ಗದ್ದೆಗಳಾದುವು. ಜಲಾಶಯ ತುಂಬಿದ ವರ್ಷಗಳಲ್ಲಿ ಮುಂಗಾರಿನ ಬೆಳೆಯ ಹಿಂದೆಯೇ ಬೇಸಗೆಯ ಬೆಳೆಯನ್ನೂ ತೆಗೆಯುವುದು ರೂಢಿಯಾಯಿತು.

ಭತ್ತವನ್ನು ಬಯಸುವವನು ಮನುಷ್ಯನೊಬ್ಬನೇ ಅಲ್ಲ. ಹಳದಿ ಕಾಂಡಕೊರಕವೆಂಬ ಹುಳುವಿಗೆ ಭತ್ತವೇ ಬಹುಮಟ್ಟಿಗೆ ಏಕಮಾತ್ರ ಆಹಾರ. ಮೊದಲು ವರ್ಷದ ಹೆಚ್ಚು ಕಾಲ ಉಪವಾಸ ಬೀಳಬೇಕಾಗಿದ್ದ ಈ ಹುಳುವಿಗೆ, ಮೈಲಿಗಟ್ಟಲೆ ಹಬ್ಬಿದ ಗದ್ದೆಯೂ ಒಂದು ಬೆಳೆಯ ಬೆನ್ನಿಗೆ ಮತ್ತೊಂದು ಬೆಳೆಯೂ ದೊರೆತರೆ ಅದು ವೃದ್ಧಿಯಾಗದೆ ಇರುವುದೆಂತು? ಕಟಾವಿನ ಅನಂತರ ಉಳಿಯುವ ಕೂಳೆಯ ಬುಡದಲ್ಲಿ ಅಡಗಿದ್ದು, ಅದು ಮುಂದಿನ ಬೆಳೆಗಾಗಿ ಕಾಯಬಲ್ಲುದು.

ಈ ಹುಳುವಿನ ಪತಂಗ ಹೊಲದಲ್ಲಿ ಸುಲಭವಾಗಿ ಗುರುತಿಗೆ ಸಿಕ್ಕುತ್ತದೆ. ಹೆಣ್ಣಿನ ರೆಕ್ಕೆ ಒಣಹುಲ್ಲಿನಂತೆ ಹಳದಿ. ಎರಡು ಮುಂರೆಕ್ಕೆಗಳಲ್ಲಿಯೂ ಒಂದೊಂದು ಕಪ್ಪು ಚುಕ್ಕೆ. ಅದು ರಾತ್ರಿಯ ವೇಳೆ ಎಲೆಯ ತುದಿಯ ಬಳಿ ಮೊಟ್ಟೆಗಳನ್ನು ಗುಂಪು ಗುಂಪಾಗಿ ಇಟ್ಟು, ತನ್ನ ಹಿಂಭಾಗದ ಕೂದಲುಗಳನ್ನೇ ಕಿತ್ತು ಅವುಗಳ ಮೇಲೆ ಹೊದಿಸುತ್ತದೆ. ಒಂದು ಹೆಣ್ಣು ಇಡುವ ಮೊಟ್ಟೆಗಳು 100ರಿಂದ 200. ಸುಮಾರು ಒಂದು ವಾರದಲ್ಲಿ ಮರಿಹುಳುಗಳು ಹೊರಬಂದು, ರೇಷ್ಮೆಯಂಥ ಎಳೆಯನ್ನು ಹಿಡಿದು ಗಾಳಿಯಲ್ಲಿ ತೂಗಾಡುತ್ತ ಪಕ್ಕದ ಪೈರುಗಳಿಗೆ ಹೋಗಿ, ಕಾಂಡವನ್ನು ಕೊರೆದು ಒಳಹೊಗುತ್ತವೆ. ಅಲ್ಲಿಂದ ಮುಂದೆ ಅವುಗಳ ಜೀವನವೆಲ್ಲ ಕಾಂಡದೊಳಗೇ. ಎಳೆಯ ಪೈರಾದರೆ ನಡುವಿನ ಸುಳಿ ಒಣಗಿ, ಮೆಲ್ಲನೆ ಎಳೆದರೆ ಕೈಗೆ ಬರುತ್ತದೆ. ತೆನೆ ಹೊರಡುವ ಕಾಲದಲ್ಲಿ ಹುಳು ಬಿದ್ದರಂತೂ ತೆನೆ ಬೆಳ್ಳಗೆ ನೆಟ್ಟಗೆ ನಿಲ್ಲುತ್ತದೆ. ಅದರಲ್ಲಿ ಜೊಳ್ಳೇ ಹೊರತು ಕಾಳಿರುವುದಿಲ್ಲ. ಕಾಳು ತುಂಬಿದ ತೆನೆ ಬಾಗುತ್ತದೆ, ಜೊಳ್ಳು ತೆನೆ ತಲೆಯೆತ್ತಿ ನಿಲ್ಲುತ್ತದೆ ಎಂಬುದನ್ನು ರೈತ ದೂರದಿಂದಲೇ ಅರಿತು ನಿಟ್ಟುಸಿರಿಡುತ್ತಾನೆ. ಆ ವೇಳೆಗೆ ಸಾಲ ಮಾಡಿ ಹಾಕಿದ ಗೊಬ್ಬರದ ಹಣವೂ ಆಳಿನ ಕೂಲಿಯೂ ಖರ್ಚಾಗಿ ಹೋಗಿರುತ್ತದೆ.

ಔಷಧದ ಕಷ್ಟ

ಹುಳುವನ್ನು ವಿಷದಿಂದ ಕೊಲ್ಲಬಹುದಲ್ಲವೆ ಎಂದು ಯಾರಾದರೂ ಕೇಳಬಹುದು. ಕೊಲ್ಲಬಹುದು, ಆದರೆ ವಿಷ ಹುಳುವಿಗೆ ಮುಟ್ಟಬೇಕು. ಮರಿಹುಳು ಮೊಟ್ಟೆಯಿಂದ ಹೊರಟು ಕಾಂಡವನ್ನು ಸೇರುವವರೆಗಿನ ಸ್ವಲ್ಪ ಕಾಲ ಮಾತ್ರ ಬಯಲಿನಲ್ಲಿರುತ್ತದೆ. ಆ ಗಳಿಗೆ ತಪ್ಪಿದರೆ ಮೇಲೆ ಸಿಂಪಡಿಸಿದ ಔಷಧದ ಬಹುಭಾಗ ವ್ಯರ್ಥ. ವ್ಯರ್ಥವಾದರೂ ಚಿಂತೆಯಿಲ್ಲ, ಅದು ಅನ್ಯರನ್ನು ಕೊಲ್ಲದಿದ್ದರೆ. ಗದ್ದೆಯ ಬಯಲಿನಲ್ಲಿ ಸದಾ ತಿರುಗಾಡುವ ಜೇಡ, ಕೊಡತಿಹುಳು, ಕಣಜ ಮುಂತಾದ ರೈತನ ಮಿತ್ರರೇ ಮೊದಲು ಸಾಯುತ್ತಾರೆ. ಕಾಂಡದ ಕೋಟೆಯೊಳಗಿನ ಶತ್ರು ಉಳಿಯುತ್ತಾನೆ.

ಇದರ ಪರಿಣಾಮವನ್ನು ಏಷ್ಯದ ಭತ್ತದ ನಾಡುಗಳು 1970 ಮತ್ತು 1980ರ ದಶಕಗಳಲ್ಲಿ ಕಂಡುವು. ಔಷಧ ಹೆಚ್ಚು ಬಿದ್ದಲ್ಲೆಲ್ಲ ಕಂದು ಜಿಗಿಹುಳು ಅಡಗುವುದರ ಬದಲು ಉಕ್ಕಿ ಹರಡಿತು. ಅದನ್ನು ತಿನ್ನುವ ಜೇಡಗಳೂ ಅದರ ಮೊಟ್ಟೆಗಳನ್ನು ನಾಶಮಾಡುವ ಕಣಜಗಳೂ ಸತ್ತುದೇ ಇದಕ್ಕೆ ಮುಖ್ಯ ಕಾರಣವೆಂದು ಪ್ರಯೋಗಗಳಿಂದ ಸ್ಥಿರಪಟ್ಟಿತು. 1986ರಲ್ಲಿ ಇಂಡೊನೇಷ್ಯದ ಸರ್ಕಾರ ಭತ್ತದ ಬೆಳೆಗೆ 57 ಬಗೆಯ ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿದುದು ಈ ಅನುಭವದ ಫಲವೇ. ಶತ್ರುವಿನ ಶತ್ರು ಮಿತ್ರನೆಂಬ ಮಾತು ರಾಜನೀತಿಗೆ ಎಷ್ಟು ಸಲ್ಲುವುದೋ ಕೃಷಿಗೂ ಅಷ್ಟೇ ಸಲ್ಲುತ್ತದೆ.

ಟ್ರೈಕೋಗ್ರಾಮದ ಪರಿಚಯ

ಈ ಮಿತ್ರರಲ್ಲಿ ಪ್ರಸಿದ್ಧವಾದುದು ಟ್ರೈಕೋಗ್ರಾಮ. 1833ರಲ್ಲಿ ವೆಸ್ಟ್‌ವುಡ್ ಎಂಬ ಆಂಗ್ಲ ಕೀಟಶಾಸ್ತ್ರಜ್ಞ ಈ ಹೆಸರನ್ನು ಕೊಟ್ಟನು. ಗ್ರೀಕ್ ಭಾಷೆಯಲ್ಲಿ 'ಕೂದಲು', 'ಗೆರೆ' ಎಂಬ ಅರ್ಥದ ಎರಡು ಪದಗಳು ಸೇರಿ ಇದಾಗಿದೆ. ರೆಕ್ಕೆಯ ಮೇಲೆ ಕೂದಲುಗಳು ಗೆರೆ ಎಳೆದಂತೆ ಸಾಲಾಗಿರುವುದರಿಂದ ಈ ಹೆಸರು. ಇದರ ಹಲವು ಜಾತಿಗಳಲ್ಲಿ ಭತ್ತದ ಕಾಂಡಕೊರಕದ ಮೇಲೆ ಬಳಸುವುದು ಟ್ರೈಕೋಗ್ರಾಮ ಜಪಾನಿಕಮ್. ಎಲೆ ಮಡಿಚುವ ಹುಳುವಿಗೆ ಟ್ರೈಕೋಗ್ರಾಮ ಕೈಲೋನಿಸ್.

ಹೆಣ್ಣು ಕಣಜ ಪತಂಗದ ಮೊಟ್ಟೆಯನ್ನು ಹುಡುಕಿ, ಸೂಜಿಯಂಥ ಅಂಗದಿಂದ ಅದನ್ನು ಚುಚ್ಚಿ, ಒಳಗೆ ತನ್ನ ಮೊಟ್ಟೆಯನ್ನಿಡುತ್ತದೆ. ಕಣಜದ ಮರಿ ಆ ಮೊಟ್ಟೆಯ ಸಾರವನ್ನೇ ತಿಂದು ಬೆಳೆಯುತ್ತದೆ. ಮೂರು ನಾಲ್ಕು ದಿನಗಳಲ್ಲಿ ಪತಂಗದ ಮೊಟ್ಟೆ ಕಪ್ಪಾಗುವುದು ಇದರ ಕುರುಹು. 28 ಡಿಗ್ರಿ ಸೆಲ್ಸಿಯಸಿನ ಸುಮಾರಿನ ಉಷ್ಣತೆಯಲ್ಲಿ ಎಂಟು ಒಂಬತ್ತು ದಿನಗಳಿಗೆ ಹೊಸ ಕಣಜ ಗುಂಡಾದ ರಂಧ್ರವನ್ನು ಕಡಿದು ಹೊರಬರುತ್ತದೆ. ಆಶ್ರಯ ಕೊಟ್ಟ ಜೀವಿಯನ್ನು ಕೊಲ್ಲದೆ ಅದರಿಂದ ಆಹಾರ ಹೀರುವ ಹೇನು, ತಿಗಣೆಗಳಿಗೂ ಇದಕ್ಕೂ ವ್ಯತ್ಯಾಸವುಂಟು. ಇಲ್ಲಿ ಆಶ್ರಯದಾತನಿಗೆ ಮರಣ ನಿಶ್ಚಿತ. ಹುಳು ಹುಟ್ಟುವ ಮುನ್ನವೇ, ಅಂದರೆ ಬೆಳೆಗೆ ಒಂದು ಕಡಿತವೂ ಬೀಳುವ ಮುನ್ನವೇ ನಾಶವಾಗುತ್ತದೆಂಬುದು ಈ ಉಪಾಯದ ಹೆಚ್ಚಳ.

ಈ ಕೀಟದ ಒಂದು ಸಾಮರ್ಥ್ಯ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ವಿಶೇಷ ಆಸಕ್ತಿಯನ್ನು ಹುಟ್ಟಿಸಬಹುದು. ದೊಡ್ಡ ಮೊಟ್ಟೆ ಸಿಕ್ಕಿದರೆ ಕಣಜ ಅದರಲ್ಲಿ ಹಲವು ಮೊಟ್ಟೆಗಳನ್ನು ಇಡುತ್ತದೆ, ಚಿಕ್ಕದಾದರೆ ಒಂದೆರಡನ್ನು. ಅಳತೆ ಗೊತ್ತಾಗುವುದು ಹೇಗೆ? 1980ರ ದಶಕದಲ್ಲಿ ಸ್ಮಿತ್ ಮತ್ತು ಶ್ಮಿಟ್ ಎಂಬ ವಿಜ್ಞಾನಿಗಳು ಇದನ್ನು ಪರೀಕ್ಷಿಸಿದರು. ಕಣಜ ಮೊಟ್ಟೆಯ ಮೇಲೆ ಮೊದಲ ಸಲ ಅಡ್ಡಲಾಗಿ ನಡೆದುಹೋಗುವಾಗ ಅದಕ್ಕೆ ತಗಲುವ ಕಾಲವೇ ಅಳತೆಗೋಲೆಂದು ತಿಳಿದುಬಂತು. ನಡಿಗೆಯ ವೇಗ ಹೆಚ್ಚುಕಡಮೆ ಒಂದೇ ಆದರೆ ಕಾಲವನ್ನು ತಿಳಿದವನು ದೂರವನ್ನು ತಿಳಿದಂತೆಯೇ ಅಲ್ಲವೆ? ನಾವು ಶಾಲೆಯಲ್ಲಿ ಕಲಿಯುವ ಈ ಸೂತ್ರವನ್ನು ಸಾಸಿವೆಗಿಂತ ಚಿಕ್ಕದಾದ ಜೀವಿ ಕಲಿಯದೆಯೇ ಬಳಸುತ್ತಿದೆ.

ಗಾಳಿಯಲ್ಲಿ ಈಜುವ ಹುಳು

ಇಷ್ಟು ಚಿಕ್ಕ ಜೀವಿ ಹಾರುವುದೂ ಒಂದು ವಿಚಿತ್ರವೇ. ಹಾರುವ ವಸ್ತುವಿನ ಮೇಲೆ ಗಾಳಿಯ ಜಡತ್ವ, ಅದರ ಅಂಟುತನ ಎರಡೂ ಕೆಲಸ ಮಾಡುತ್ತವೆ. ಇವೆರಡರ ಪ್ರಮಾಣವನ್ನು ತಿಳಿಸುವುದು ರೆನಾಲ್ಡ್ಸ್ ಸಂಖ್ಯೆ. ವೇಗವನ್ನು ರೆಕ್ಕೆಯ ಅಗಲದಿಂದ ಗುಣಿಸಿ ಗಾಳಿಯ ಚಲನ ಸ್ನಿಗ್ಧತೆಯಿಂದ ಭಾಗಿಸಿದರೆ ಅದು ದೊರಕುತ್ತದೆ. ಹಾರುವ ಕಾಗೆಗೆ ಇದು ಒಂದು ಲಕ್ಷದಷ್ಟಾದರೆ, ಈ ಕಣಜಕ್ಕೆ ಹತ್ತು ಇಪ್ಪತ್ತರ ಆಸುಪಾಸು. ಎಂದರೆ ಗಾಳಿ ಕಾಗೆಗೆ ಗಾಳಿಯಾದರೂ ಕಣಜಕ್ಕೆ ಪಾಕದಂತೆ ಅಂಟಾಗಿ ತೋರುತ್ತದೆ. ಈ ಗಾತ್ರದ ಇನ್ನೊಂದು ಪರೋಪಜೀವಿ ಕಣಜವಾದ ಎನ್‌ಕಾರ್ಸಿಯವನ್ನು 1973ರಲ್ಲಿ ವೈಸ್-ಫೋ ಎಂಬ ವಿಜ್ಞಾನಿ ಪರಿಶೀಲಿಸಿದನು. ಅದು ಬೆನ್ನಿನ ಮೇಲೆ ಎರಡು ರೆಕ್ಕೆಗಳನ್ನೂ ಚಪ್ಪಾಳೆಯಂತೆ ತಟ್ಟಿ, ಥಟ್ಟನೆ ಬಿಡಿಸಿ, ನಡುವೆ ನುಗ್ಗುವ ಗಾಳಿಯ ಸುಳಿಯಿಂದ ಮೇಲೇಳುವ ಬಲವನ್ನು ಪಡೆಯುತ್ತದೆಂದು ಅವನು ತೋರಿಸಿದನು. ಇಂಥ ತಟ್ಟುವಿಕೆ ಸೆಕೆಂಡಿಗೆ ಸುಮಾರು 400.

ಇದು ಕೇವಲ ಕುತೂಹಲದ ವಿಷಯವಲ್ಲ. ಇಂಥ ಜೀವಿ ಎದುರು ಗಾಳಿಯಲ್ಲಿ ದೂರ ಹಾರಲಾರದು. ಗದ್ದೆಯ ಒಂದು ಮೂಲೆಯಲ್ಲಿ ಬಿಟ್ಟರೆ ಇನ್ನೊಂದು ಮೂಲೆಯನ್ನು ತಾನಾಗಿ ಸೇರುವುದೆಂದು ನಂಬುವಂತಿಲ್ಲ. ಆದಕಾರಣ ಕಣಜಗಳನ್ನು ಕೆಲವೇ ಮೀಟರುಗಳ ಅಂತರದಲ್ಲಿ, ಗದ್ದೆಯ ಉದ್ದಗಲಕ್ಕೂ, ಹಲವು ಕಡೆ ಬಿಡಬೇಕೆಂಬ ನಿಯಮ ಹುಟ್ಟಿದೆ.

ಉಗ್ರಾಣದ ಕಳ್ಳ, ಗದ್ದೆಯ ಕಾವಲುಗಾರ

ಗದ್ದೆಯಲ್ಲಿ ಈ ಕಣಜಗಳು ಸಹಜವಾಗಿಯೇ ಇರುತ್ತವೆ. ಆದರೆ ಬೇಕಾದ ಕಾಲಕ್ಕೆ ಬೇಕಾದಷ್ಟು ಇರುವುದಿಲ್ಲ. ಆದುದರಿಂದ ಪ್ರಯೋಗಶಾಲೆಯಲ್ಲಿ ಲಕ್ಷಗಟ್ಟಲೆ ಬೆಳೆಸಿ ಬಿಡಬೇಕು. 1920ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯದ ಫ್ಲಾಂಡರ್ಸ್ ಎಂಬುವನು ಧಾನ್ಯದ ಪತಂಗವೊಂದರ ಮೊಟ್ಟೆಗಳಲ್ಲಿ ಇವನ್ನು ಅಗ್ಗವಾಗಿ ಬೆಳೆಸುವ ಮಾರ್ಗವನ್ನು ತೋರಿಸಿಕೊಟ್ಟನು. 1930ರ ದಶಕದಲ್ಲಿಯೇ ಮೈಸೂರು ಸಂಸ್ಥಾನದಲ್ಲಿ ಕೀಟಶಾಸ್ತ್ರಜ್ಞ ಟಿ. ವಿ. ಸುಬ್ರಮಣ್ಯಂ ಅವರು ಕಬ್ಬಿನ ಕೊರಕದ ಮೇಲೆ ಟ್ರೈಕೋಗ್ರಾಮವನ್ನು ಪ್ರಯೋಗಿಸಿದುದು ನಮ್ಮ ನಾಡಿಗೆ ಹೆಮ್ಮೆಯ ವಿಷಯ. 1957ರಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರ ಬೆಂಗಳೂರಿನಲ್ಲಿ ಆರಂಭವಾಯಿತು. 1977ರಲ್ಲಿ ಅಖಿಲ ಭಾರತ ಸಮನ್ವಿತ ಯೋಜನೆ, 1993ರಲ್ಲಿ ಪ್ರತ್ಯೇಕ ನಿರ್ದೇಶನಾಲಯ ಬಂದುವು. ಅದೇ ಬೆಳೆದು ಈಗ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಾಗಿದೆ. ಸಿರುಗುಪ್ಪದಲ್ಲಿ ರಾಯಚೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಕೃಷಿ ಸಂಶೋಧನಾ ಕೇಂದ್ರವಿದೆ.

ನಮ್ಮ ದೇಶದಲ್ಲಿ ಕಣಜವನ್ನು ಬೆಳೆಸಲು ಬಳಸುವುದು ಅಕ್ಕಿಯ ಪತಂಗದ ಮೊಟ್ಟೆ. ಅಕ್ಕಿ, ರವೆ, ಹಿಟ್ಟಿನ ಡಬ್ಬಿಗಳಲ್ಲಿ ಎಳೆ ಹೆಣೆದು ಕಾಳನ್ನು ಗಂಟುಗಂಟಾಗಿಸುವ ಹುಳುವನ್ನು ಎಲ್ಲ ಮನೆಗಳಲ್ಲಿಯೂ ಬಲ್ಲರು, ಅದೇ ಇದು. ಒಡೆದ ಜೋಳ ಅಥವಾ ಸಜ್ಜೆಯಲ್ಲಿ ಇದನ್ನು ಸಾಕುತ್ತಾರೆ. ಸುಮಾರು 40 ದಿನಗಳಲ್ಲಿ ಪತಂಗಗಳು ಹೊರಟು ಮೊಟ್ಟೆಯಿಡುತ್ತವೆ. ಆ ಮೊಟ್ಟೆಗಳನ್ನು ಸ್ವಚ್ಛಮಾಡಿ ಅತಿನೇರಳೆ ಕಿರಣಗಳ ಕೆಳಗೆ ಸ್ವಲ್ಪ ಹೊತ್ತು ಇಡುತ್ತಾರೆ. ಕಿರಣಗಳ ಶಕ್ತಿಯಿಂದ ಭ್ರೂಣ ಸಾಯುತ್ತದೆ, ಆದರೆ ಒಳಗಿನ ಆಹಾರ ಕೆಡುವುದಿಲ್ಲ. ಹೀಗೆ ಮಾಡದಿದ್ದರೆ ಕಣಜ ಚುಚ್ಚದೆ ಬಿಟ್ಟ ಮೊಟ್ಟೆಗಳಿಂದ ಮರಿಹುಳುಗಳು ಹುಟ್ಟಿ ಉಳಿದವನ್ನು ತಿಂದುಹಾಕುತ್ತವೆ. ಅನಂತರ ರಟ್ಟಿನ ಮೇಲೆ ಗೋಂದು ಸವರಿ ಮೊಟ್ಟೆಗಳನ್ನು ತೆಳ್ಳಗೆ ಉದುರಿಸಿ, ಕಣಜಗಳಿರುವ ಚೀಲ ಅಥವಾ ಕೊಳವೆಯೊಳಗೆ ಇಡುತ್ತಾರೆ. ನಾಲ್ಕನೆಯ ದಿನಕ್ಕೆ ರಟ್ಟು ಕಪ್ಪಾಗುತ್ತದೆ. ಇದೇ 'ಟ್ರೈಕೋ ಕಾರ್ಡ್'. ಒಂದು ಘನ ಸೆಂಟಿಮೀಟರಿನಷ್ಟು ಮೊಟ್ಟೆಗಳಲ್ಲಿ ಸುಮಾರು 16 ರಿಂದ 20 ಸಾವಿರ ಮೊಟ್ಟೆಗಳಿರುತ್ತವೆ. ಎಣಿಸುವ ಬದಲು ಅಳೆಯುವುದೇ ಇಲ್ಲಿನ ಲೆಕ್ಕ. ಕಣಜ ಹೊರಡುವುದನ್ನು ಕೆಲವು ದಿನ ತಡೆಯಬೇಕಾದರೆ ಕಾರ್ಡನ್ನು ಸುಮಾರು 10 ಡಿಗ್ರಿಯ ತಂಪಿನಲ್ಲಿಟ್ಟರೆ ಆಯಿತು, ಒಳಗಿನ ಬೆಳವಣಿಗೆ ಬಹುಮಟ್ಟಿಗೆ ನಿಲ್ಲುತ್ತದೆ. ಹೀಗೆ ಉಗ್ರಾಣದ ಕಳ್ಳನೇ ಗದ್ದೆಯ ಕಾವಲುಗಾರನನ್ನು ಸಾಕಿ ಕೊಡುತ್ತಾನೆ. ಮುಳ್ಳಿನಿಂದಲೇ ಮುಳ್ಳನ್ನು ತೆಗೆಯುವುದೆಂದರೆ ಇದೇ.

ಗದ್ದೆಯಲ್ಲಿ ಪತಂಗಗಳು ಕಾಣಿಸತೊಡಗಿದೊಡನೆ, ಸಾಮಾನ್ಯವಾಗಿ ನಾಟಿಯಾದ ಒಂದು ತಿಂಗಳೊಳಗೆ, ಬಿಡುಗಡೆಯನ್ನು ಆರಂಭಿಸಬೇಕು. ಹೆಕ್ಟೇರಿಗೆ ಒಂದು ಲಕ್ಷ ಕಣಜಗಳಂತೆ, ವಾರಕ್ಕೊಮ್ಮೆ, ಐದಾರು ವಾರ ಬಿಡುವುದು ಪದ್ಧತಿ. ಲಕ್ಷವೆಂದರೆ ದೊಡ್ಡ ಸೈನ್ಯವೆಂದು ತೋರುತ್ತದೆ. ಹೆಕ್ಟೇರಿನಲ್ಲಿ 10,000 ಚದರ ಮೀಟರುಗಳಿರುವುದರಿಂದ ಒಂದು ಚದರ ಮೀಟರಿಗೆ ಬರುವುದು ಹತ್ತೇ ಕಣಜ. ಒಂದು ಕಣಜ ಅರ್ಧ ಮಿಲಿಮೀಟರು ಉದ್ದ, ಅದರ ಅರ್ಧಕ್ಕಿಂತ ಕಡಮೆ ದಪ್ಪ ಎಂದಿಟ್ಟುಕೊಂಡರೆ ಲಕ್ಷ ಕಣಜಗಳ ತೂಕ ಎರಡು ಮೂರು ಗ್ರಾಮುಗಳೊಳಗೆ ಮುಗಿಯುತ್ತದೆ. ಒಂದು ಎಕರೆಯ ಸೈನ್ಯವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋಗಬಹುದು. ಕಾರ್ಡನ್ನು ತುಂಡುಮಾಡಿ, ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ ಎಲೆಯ ಕೆಳಭಾಗಕ್ಕೆ ಸಿಕ್ಕಿಸುತ್ತಾರೆ. ಬಿಸಿಲು, ಮಳೆ, ಇರುವೆ ಈ ಮೂರರಿಂದಲೂ ಅದನ್ನು ಕಾಪಾಡಬೇಕು. ಬಿಡುವ ಮೊದಲೂ ಆಮೇಲೂ ಕೆಲವು ದಿನ ಕೀಟನಾಶಕವನ್ನು ಸಿಂಪಡಿಸಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಸ್ವಲ್ಪ ಲೆಕ್ಕ

ಕಣಜ ಎಲ್ಲ ಮೊಟ್ಟೆಗಳನ್ನೂ ನಾಶಮಾಡುವುದಿಲ್ಲವಲ್ಲ, ಹಾಗಾದರೆ ಪ್ರಯೋಜನವೇನು ಎಂಬ ಸಂದೇಹ ಬರಬಹುದು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂದು ಹೆಣ್ಣು ಪತಂಗ 150 ಮೊಟ್ಟೆಗಳನ್ನಿಟ್ಟು, ಹಲವು ಅಪಾಯಗಳನ್ನು ದಾಟಿ ಆರು ಮಾತ್ರ ಪತಂಗಗಳಾಗುತ್ತವೆಂದು ಇಟ್ಟುಕೊಳ್ಳಿ. ತಂದೆ ತಾಯಿ ಇಬ್ಬರ ಸ್ಥಾನಕ್ಕೆ ಆರು ಬಂದುವು, ಸಂಖ್ಯೆ ಮೂರರಷ್ಟಾಯಿತು. ನಾಲ್ಕು ಪೀಳಿಗೆಗಳಲ್ಲಿ ಅದು 81ರಷ್ಟಾಗುತ್ತದೆ. ಈಗ ಕಣಜಗಳು ಅರ್ಧ ಮೊಟ್ಟೆಗಳನ್ನು ಮಾತ್ರ ನಾಶಮಾಡಿದುವೆನ್ನೋಣ. ಉಳಿದ ಅಪಾಯಗಳು ಮೊದಲಿನಂತೆಯೇ ಇದ್ದರೆ ಉಳಿಯುವ ಪತಂಗಗಳು ಮೂರು. ನಾಲ್ಕು ಪೀಳಿಗೆಗಳ ಅನಂತರ ಸಂಖ್ಯೆ ಐದರಷ್ಟು ಮಾತ್ರ. ಮೂರರಲ್ಲಿ ಎರಡು ಪಾಲು ನಾಶವಾದರೆ ಉಳಿಯುವುವು ಎರಡೇ, ವೃದ್ಧಿಯೇ ನಿಂತುಹೋಗುತ್ತದೆ. ಶತ್ರುವನ್ನು ನಿರ್ಮೂಲ ಮಾಡಬೇಕಾಗಿಲ್ಲ, ಅವನ ವೃದ್ಧಿಯ ಗುಣಕವನ್ನು ಕುಗ್ಗಿಸಿದರೆ ಸಾಕೆಂಬುದು ಜೈವಿಕ ನಿಯಂತ್ರಣದ ತಿರುಳು.

ಮಿತಿಗಳು

ಇಷ್ಟು ಹೇಳಿದ ಮೇಲೆ ಈ ಕಣಜ ಮಾಡಲಾರದ ಕೆಲಸಗಳನ್ನೂ ಹೇಳುವುದು ನ್ಯಾಯ. ಕಾಂಡದೊಳಗೆ ಹೊಕ್ಕ ಹುಳುವಿಗೆ ಇದು ಏನನ್ನೂ ಮಾಡಲಾರದು. ಕಂದು ಜಿಗಿಹುಳುವಿನ ಹತೋಟಿಗೆ ಇದನ್ನು ನಂಬುವಂತಿಲ್ಲ. ಕಾಂಡಕೊರಕದ ಮೊಟ್ಟೆಗಳಿಗೆ ಕೂದಲ ಹೊದಿಕೆಯಿರುವುದರಿಂದ ಟ್ರೈಕೋಗ್ರಾಮಕ್ಕೆ ಮೇಲುಪದರದ ಮೊಟ್ಟೆಗಳು ಸಿಕ್ಕುವಷ್ಟು ಸುಲಭವಾಗಿ ಒಳಗಿನವು ಸಿಕ್ಕುವುದಿಲ್ಲ. ಈ ಕೊರತೆಯನ್ನು ಗದ್ದೆಯಲ್ಲಿ ಸಹಜವಾಗಿರುವ ಬೇರೆ ಎರಡು ಕಣಜಗಳು ತುಂಬುತ್ತವೆ. ಟೆಲಿನೋಮಸ್ ಎಂಬುದು ಪತಂಗ ಮೊಟ್ಟೆಯಿಡುತ್ತಿರುವಾಗಲೇ, ಕೂದಲು ಮುಚ್ಚುವ ಮೊದಲೇ ಬಂದು ಚುಚ್ಚುತ್ತದೆ. ಟೆಟ್ರಾಸ್ಟೈಕಸ್ ಎಂಬುದರ ಮರಿ ಒಂದು ಮೊಟ್ಟೆಯನ್ನು ಮುಗಿಸಿ ನೆರೆಯ ಮೊಟ್ಟೆಗಳನ್ನೂ ತಿನ್ನುತ್ತದೆ. ಇವೆರಡನ್ನೂ ಕೊಂಡು ತರಬೇಕಾಗಿಲ್ಲ. ಅನಾವಶ್ಯಕವಾಗಿ ವಿಷ ಸಿಂಪಡಿಸದಿದ್ದರೆ ಸಾಕು.

ಬಳ್ಳಾರಿಯ ಬಿಸಿಲು ಇನ್ನೊಂದು ಮಿತಿ. 35 ಡಿಗ್ರಿ ಮೀರಿದರೆ ಕಣಜಗಳ ಆಯುಸ್ಸೂ ಸಂತಾನಶಕ್ತಿಯೂ ಕುಗ್ಗುತ್ತವೆ. ಇಲ್ಲಿ ಏಪ್ರಿಲ್ ಹೊತ್ತಿಗೆ ಉಷ್ಣತೆ 40 ಡಿಗ್ರಿ ಮುಟ್ಟುವುದು ಸಾಮಾನ್ಯ. ಆದುದರಿಂದ ಮುಂಗಾರಿನ ಬೆಳೆಗೆ ಒದಗಿದಷ್ಟು ಸಹಾಯ ಬೇಸಗೆಯ ಬೆಳೆಯ ಕೊನೆಯ ದಿನಗಳಲ್ಲಿ ಒದಗದು. ಬೆಂಗಳೂರಿನ ವಿಜ್ಞಾನಿಗಳು ಟ್ರೈಕೋಗ್ರಾಮ ಕೈಲೋನಿಸಿನಲ್ಲಿ ಹೆಚ್ಚಿನ ತಾಪವನ್ನು ತಾಳುವ ತಳಿಯೊಂದನ್ನು ಆಯ್ಕೆಯ ಮೂಲಕ ಬೆಳೆಸಿರುವುದು ಈ ದಿಕ್ಕಿನಲ್ಲಿ ಒಂದು ಹೆಜ್ಜೆ.

ಹೊಸ ಶತ್ರುವಿಗೂ ಇದೇ ಉಪಾಯ ಬೇಕಾಗಿದೆ. ಅಮೆರಿಕ ಖಂಡದ ಸೈನಿಕಹುಳು 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮುಸುಕಿನ ಜೋಳದಲ್ಲಿ ಕಾಣಿಸಿಕೊಂಡಿತು. ಭಾರತದಲ್ಲಿ ಅದು ಗುರುತಾದುದು ಅದೇ ಮೊದಲು. ಬೇಗನೆ ಅದು ದೇಶದ ಬಹುಭಾಗಕ್ಕೆ ಹಬ್ಬಿತು. ಅದರ ಮೊಟ್ಟೆಗಳೂ ಪದರ ಪದರವಾಗಿ ಹೊದಿಕೆಯೊಳಗಿರುವುದರಿಂದ ಪದರಗಳ ಒಳಗೆ ನುಗ್ಗಬಲ್ಲ ಟೆಲಿನೋಮಸ್ ರೀಮಸ್ ಎಂಬ ಕಣಜ ಅದಕ್ಕೆ ತಕ್ಕ ಪ್ರತಿಯೋಧ. 1960ರ ದಶಕದಲ್ಲಿ ಬೇರೊಂದು ಹುಳುವಿನ ಹತೋಟಿಗೆಂದು ನ್ಯೂಗಿನಿಯಿಂದ ಭಾರತಕ್ಕೆ ತಂದ ಕಣಜವಿದು. ಅರ್ಧಶತಮಾನದ ಮೇಲೆ ಅನಿರೀಕ್ಷಿತವಾದ ಕೆಲಸಕ್ಕೆ ಒದಗಿತು.

ಒಬ್ಬನ ಕೆಲಸವಲ್ಲ

ಕಣಜವೊಂದನ್ನೇ ನಂಬಿ ಕೈಕಟ್ಟಿ ಕೂರುವುದು ವಿವೇಕವಲ್ಲ. ನಾಟಿಗೆ ಮುಂಚೆ ಸಸಿಯ ತುದಿಯನ್ನು ಕತ್ತರಿಸಿದರೆ ಅಲ್ಲಿರುವ ಮೊಟ್ಟೆಗಳು ಹೋಗುತ್ತವೆ. ಕಟಾವಿನ ಅನಂತರ ಕೂಳೆಯನ್ನು ಉತ್ತು ಮುಚ್ಚಿದರೆ ಒಳಗೆ ಅಡಗಿದ ಹುಳು ಸಾಯುತ್ತದೆ. ಒಂದು ಕಾಲುವೆಯ ರೈತರೆಲ್ಲ ಹೆಚ್ಚುಕಡಮೆ ಒಂದೇ ಕಾಲಕ್ಕೆ ನಾಟಿ ಮಾಡಿದರೆ ಹುಳುವಿಗೆ ಒಂದು ಗದ್ದೆಯಿಂದ ಇನ್ನೊಂದಕ್ಕೆ ದಾಟುವ ಅವಕಾಶ ಕಡಮೆಯಾಗುತ್ತದೆ. ಹೆಣ್ಣು ಪತಂಗದ ವಾಸನೆಯನ್ನು ಅನುಕರಿಸುವ ಬಲೆಗಳನ್ನಿಟ್ಟರೆ ಗಂಡು ಪತಂಗಗಳು ಬೀಳುವ ಸಂಖ್ಯೆಯಿಂದ ಕಾರ್ಡ್ ಕಟ್ಟುವ ಕಾಲ ತಿಳಿಯುತ್ತದೆ. ಇವೆಲ್ಲ ಆದ ಮೇಲೂ ಹಾವಳಿ ಮೀರಿದರೆ ಮಾತ್ರ ಔಷಧದ ಸರದಿ.

ಇದರಲ್ಲಿ ಇನ್ನೊಂದು ತೊಡಕುಂಟು. ನನ್ನ ಗದ್ದೆಯಲ್ಲಿ ಕಣಜವನ್ನು ಬಿಟ್ಟ ಮರುದಿನವೇ ಬದುವಿನಾಚೆಯ ಗದ್ದೆಗೆ ವಿಷ ಸಿಂಪಡಿಸಿದರೆ ಗಾಳಿ ಎರಡನ್ನೂ ಬೆರೆಸುತ್ತದೆ. ಕಾಲುವೆಯ ನೀರನ್ನು ಸರದಿಯಿಂದ ಹಂಚಿಕೊಳ್ಳುವುದನ್ನು ಈ ಸೀಮೆಯ ರೈತರು ಬಲ್ಲರು. ಹುಳುವಿನ ವಿಷಯದಲ್ಲಿಯೂ ಅಂಥ ಒಪ್ಪಂದ ಬೇಕು. ನೀರು ಬದುವಿಗೆ ನಿಂತೀತು; ಪತಂಗಕ್ಕೂ ಕಣಜಕ್ಕೂ ಬದುವಿಲ್ಲ. ಊರಿನ ಗದ್ದೆಗಳೆಲ್ಲವನ್ನೂ ಒಂದೇ ಗದ್ದೆಯೆಂದು ಭಾವಿಸಿ ನಡೆದಲ್ಲಿ ಮಾತ್ರ ಈ ಅಲ್ಪ ಜೀವಿಯಿಂದ ಪೂರ್ಣ ಪ್ರಯೋಜನವನ್ನು ಪಡೆಯಬಹುದು.